ಮೂಗು ಹೋದ ಮೇಲೂ ಮೂಗಕ್ಕ

ಬೆಳಗಿನ ಐದೂವರೆ. ಮಾರುಕಟ್ಟೆಯ ತಗಡಿನ ಚಾವಣಿಯ ಕೆಳಗೆ ಮಂಜು ಇನ್ನೂ ಜಾಗ ಖಾಲಿ ಮಾಡಿಲ್ಲ. ಹಿಂಬದಿಯ ಬಯಲಿನಲ್ಲಿ ನಾಲ್ಕೂ ಕಡೆ ತಂತಿಬಲೆ ಕಟ್ಟಿದ, ಮೇಲೊಂದು ಮಾಡು ಮಾತ್ರ ಇರುವ ಜಾಗವೊಂದಿದೆ. ಅದರ ಬಾಗಿಲಲ್ಲಿ, ಮರದ ಮಣೆಯ ಮೇಲೆ, ಐವತ್ತಾರು ವಯಸ್ಸಿನ ಹೆಂಗಸೊಬ್ಬರು ಕೂತಿದ್ದಾರೆ. ಮೈಮೇಲೆ ಗಂಡನ ಹಳೆಯ ಕೋಟು, ತಲೆಗೆ ಕಿವಿ ಮುಚ್ಚುವ ಉಣ್ಣೆಯ ಟೋಪಿ. ಎಡಗೈಯಲ್ಲಿ ಸೋಪಿನ ನೊರೆ ತುಂಬಿದ ಮಗ್ಗು, ಬಲಗೈಯಲ್ಲಿ ಬಣ್ಣ ಬಳಿಯುವ ಬ್ರಷ್ಷು. ಎದುರಿಗೆ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತ ಮೂವತ್ತೆಂಟು ಹೀಟರುಗಳು.

ಪ್ರೊಪೇನ್ ಗ್ಯಾಸಿನ ಸಿಲಿಂಡರಿಗೆ ಜೋಡಿಸಿ ಉರಿಸುವ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಹೀಟರುಗಳಿವು. ಒಂದೊಂದರಲ್ಲೂ ಗ್ಯಾಸ್ ಸೋರಬಹುದಾದ ಜಾಯಿಂಟುಗಳು ಮೂರು. ಆಕೆ ಸಿಲಿಂಡರಿನ ತಿರುಗಣೆಯನ್ನು ತುಸುವೇ ತೆರೆದು, ಜಾಯಿಂಟಿಗೆ ನೊರೆ ಬಳಿದು, ಹತ್ತು ಎಣಿಸುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಾರೆ. ನೊರೆ ಸುಮ್ಮನಿದ್ದರೆ ಎಲ್ಲ ಸರಿ. ಒಂದು ಗುಳ್ಳೆ ಎದ್ದು ಮೆಲ್ಲಗೆ ಉಬ್ಬತೊಡಗಿದರೆ ಅಲ್ಲಿ ಗ್ಯಾಸ್ ಸೋರುತ್ತಿದೆ ಎಂದರ್ಥ. ಮೂವತ್ತೆಂಟನ್ನು ಮೂರರಿಂದ ಗುಣಿಸಿ: ಬೆಳಗಾಗುವುದರೊಳಗೆ ನೂರ ಹದಿನಾಲ್ಕು ಸಲ ಬ್ರಷ್ಷು ಓಡುತ್ತದೆ. ಚಳಿಗಾಲದ ನಾಲ್ಕು ತಿಂಗಳು, ಜ್ವರದಲ್ಲಿ ಮಲಗಿದ ಹತ್ತು ದಿನ ಬಿಟ್ಟರೆ ಒಂದು ದಿನವೂ ತಪ್ಪದೆ, ಇಪ್ಪತ್ತಾರು ವರ್ಷಗಳಿಂದ ಇದು ನಡೆದಿದೆ.

ಇವತ್ತು ಮಾತ್ರ ಆಕೆಯ ಕಣ್ಣು ನಡುನಡುವೆ ಪಕ್ಕದ ಪೆಟ್ಟಿಗೆಯತ್ತ ಜಾರುತ್ತಿದೆ. ಪೆಟ್ಟಿಗೆಯ ಮೇಲೆ, ಒದ್ದೆಯಾಗದಿರಲೆಂದು ಪ್ಲಾಸ್ಟಿಕ್ ಹೊದಿಸಿದ, ಎರಡು ಪುಟದ ಒಂದು ಅರ್ಜಿಯಿದೆ. ಹತ್ತು ಗಂಟೆಗೆ ಮಾರುಕಟ್ಟೆ ಕಚೇರಿಯ ಹೊಸ ಸುರಕ್ಷತಾ ಅಧಿಕಾರಿ ಬರುತ್ತಾರೆ. ಅವರು ಸಹಿ ಹಾಕಿದರೆ ಈ ಚಳಿಗಾಲ ಮುಗಿಯುವವರೆಗೂ ಹೀಟರುಗಳು ಬಾಡಿಗೆಗೆ ಹೋಗುತ್ತವೆ, ಇಲ್ಲವಾದರೆ ತಂತಿಬಲೆಗೆ ಬೀಗ. ಅರ್ಜಿಯ ಪ್ರಶ್ನೆಗಳಲ್ಲಿ ಏಳನೆಯದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಬರೆದಾಗಿದೆ. ಏಳನೆಯದು ಹೀಗಿದೆ: ‘ನಿರ್ವಾಹಕರಿಗೆ ಅನಿಲದ ವಾಸನೆಯನ್ನು ಗುರುತಿಸುವ ಸಾಮರ್ಥ್ಯ ಇದೆಯೇ? ಹೌದು / ಇಲ್ಲ.’

ಇಡೀ ಮಾರುಕಟ್ಟೆ ಇವರನ್ನು ಮೂಗಕ್ಕ ಎಂದೇ ಕರೆಯುತ್ತದೆ. ಹೆಸರು ಕೇಳಿದ ಹೊಸಬರು, ಪಾಪ, ಮಾತು ಬಾರದ ಹೆಂಗಸೇನೋ ಎಂದುಕೊಂಡು ಕೈಸನ್ನೆ ಶುರುಮಾಡುತ್ತಾರೆ. ಎರಡು ನಿಮಿಷದಲ್ಲಿ ಅವರಿಗೇ ಮಾತು ನಿಂತುಹೋಗುತ್ತದೆ. ಹೆಸರು ಬಂದದ್ದು ಮೂಗಿನಿಂದ. ಗಾಳಿಯಲ್ಲಿ ಎಳ್ಳಷ್ಟು ಗ್ಯಾಸ್ ಇದ್ದರೂ ಹಿಡಿದುಬಿಡುತ್ತಿದ್ದ ಆ ಮೂಗು ಒಂದು ಕಾಲಕ್ಕೆ ಈ ಮಾರುಕಟ್ಟೆಯ ಆಸ್ತಿಯಾಗಿತ್ತು. ಮೂರು ಚಳಿಗಾಲದ ಹಿಂದೆ ಬಂದ ಜ್ವರವೊಂದು ಹೋಗುವಾಗ ಅದನ್ನೂ ತೆಗೆದುಕೊಂಡು ಹೋಯಿತು. ಇವತ್ತಿಗೂ ಮೂಗಕ್ಕನಿಗೆ ಯಾವ ವಾಸನೆಯೂ ಬರುವುದಿಲ್ಲ.

“ಮೂಗು ಇದೆ, ನೋಡಿ. ಕನ್ನಡಕ ಇಡೋಕೆ ಆಗುತ್ತೆ,” ಎಂದು ನಗುತ್ತಾರೆ.

ಮೊದಲು ಇಲ್ಲಿಗೆ ಅವರು ಬಂದದ್ದು ಕಸ ಗುಡಿಸಲು. ಆಗ ಹೀಟರು ಬಾಡಿಗೆಗೆ ಕೊಡುತ್ತಿದ್ದವರು ಒಬ್ಬ ವಯಸ್ಸಾದ ಮೇಸ್ತ್ರಿ. ಒಳ್ಳೆಯ ಮನುಷ್ಯ, ಆದರೆ ಆತನಿಗೆ ಹುಬ್ಬುಗಳಿರಲಿಲ್ಲ. ಗ್ಯಾಸ್ ಸೋರುತ್ತಿದೆಯೇ ಎಂದು ನೋಡಲು ಬೆಂಕಿಕಡ್ಡಿ ಗೀರಿ ಜಾಯಿಂಟಿನ ಹತ್ತಿರ ಹಿಡಿಯುವುದು ಆತನ ಪದ್ಧತಿ. ಸೋರುತ್ತಿದ್ದಾಗಲೆಲ್ಲ ಗೊತ್ತಾಗುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಹುಬ್ಬು ಬೆಳೆಯುವುದಕ್ಕೆ ಬಿಡುವೇ ಸಿಗುತ್ತಿರಲಿಲ್ಲ, ಅಷ್ಟೇ. ಗುಡಿಸುವ ಹೆಂಗಸು ಒಂದು ದಿನ ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ, ಹಳೆಯ ಬ್ರಷ್ಷಿನಿಂದ ಬಳಿದು ತೋರಿಸಿದಾಗ ಮೇಸ್ತ್ರಿ ಮೊದಲು ಮೂಗು ಮುರಿದರಂತೆ. ಅದೇ ಗಳಿಗೆಯಲ್ಲಿ, ಆತನೇ ಸರಿಯಿದೆ ಎಂದಿದ್ದ ಜಾಯಿಂಟಿನ ಮೇಲೆ ಗುಳ್ಳೆ ಎದ್ದಿತು. ಮರುದಿನದಿಂದ ಬ್ರಷ್ಷು ಹೆಂಗಸಿನ ಕೈಗೆ, ಕಸಬರಿಗೆ ಮೇಸ್ತ್ರಿಯ ಕೈಗೆ. ಮೂರನೆಯ ವರ್ಷ ಆತ ಬೀಗದ ಕೈಯನ್ನೂ ಕೊಟ್ಟು ವಿಶ್ರಾಂತಿಗೆ ಹೋದರು. ಹೋಗುವಾಗ ಹುಬ್ಬು ಚೆನ್ನಾಗಿ ಬೆಳೆದಿತ್ತಂತೆ.

ಮೂಗಿನ ಖ್ಯಾತಿ ಶುರುವಾದದ್ದು ಬಟ್ಟೆ ಅಂಗಡಿಯಿಂದ. ಮುಚ್ಚಿದ ಅಂಗಡಿಯ ಮುಂದೆ ಹಾದುಹೋಗುತ್ತಿದ್ದ ಆಕೆ ತಟ್ಟನೆ ನಿಂತು, ಒಳಗೆ ಗ್ಯಾಸ್ ಇದೆ, ಯಾರೂ ದೀಪದ ಸ್ವಿಚ್ಚು ಮುಟ್ಟಬೇಡಿ ಎಂದರು. ಬಾಗಿಲು ತೆಗೆಸಿ ನೋಡಿದರೆ ನಿಜ. ಅಂಗಡಿಯವರು ಸಿಲಿಂಡರನ್ನು ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಅಡ್ಡ ಮಲಗಿಸಿ ಮನೆಗೆ ಹೋಗಿದ್ದರು. ಈ ಗ್ಯಾಸ್ ಗಾಳಿಗಿಂತ ಭಾರ. ಮೇಲೇರಿ ಹೋಗದೆ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಅಂದು ಅದು ನೆಲಮಾಳಿಗೆಯಲ್ಲಿ ಮೊಣಕಾಲುದ್ದ ತುಂಬಿಕೊಂಡು ಒಂದು ಕಿಡಿಗಾಗಿ ಕಾಯುತ್ತಿತ್ತು. ಆ ಬೆಳಗ್ಗೆಯಿಂದ ಅವರ ಸ್ವಂತ ಹೆಸರು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಸಿಲಿಂಡರನ್ನು ಒಳಗಿಡಬಾರದು, ಮಲಗಿಸಬಾರದು ಎಂಬ ಪಾಠಕ್ಕೆ ಮೂಗಕ್ಕನದೇ ಒಂದು ಸೂತ್ರವಿದೆ. “ಅದು ಹೇಳದೆ ಕೇಳದೆ ಬಂದ ನೆಂಟ ಇದ್ದ ಹಾಗೆ. ಹೊರಗೇ ನಿಲ್ಲಿಸಿ ಮಾತಾಡಿಸಿ. ಒಳಗೆ ಕರೆದ್ರೆ ಮಲಗಿಬಿಡ್ತಾನೆ, ಆಮೇಲೆ ಎಬ್ಬಿಸೋದು ಕಷ್ಟ.”

ತಂತಿಬಲೆಯೊಳಗೆ ನೆಂಟರೆಲ್ಲ ನಿಂತೇ ಇದ್ದಾರೆ. ನೆಲಕ್ಕೆ ತಾಗದಂತೆ ಹಲಗೆ, ಉರುಳದಂತೆ ಸರಪಳಿ, ಬಾಯಿಗೆ ಮುಚ್ಚಳ. ಹೀಟರು ಬೇರೆ, ಸಿಲಿಂಡರು ಬೇರೆ. ಕೆಲಸವಿಲ್ಲದ ಹೊತ್ತಿನಲ್ಲಿ ಇಬ್ಬರೂ ಜೊತೆಯಲ್ಲಿರುವಂತಿಲ್ಲ. ಬೇಸಿಗೆ ಬಂತೆಂದರೆ ಹೀಟರಿನ ಬಾಯಿಗೆಲ್ಲ ಬಟ್ಟೆ ಕಟ್ಟಿ ಇಡುತ್ತಾರೆ. ಕಾರಣ ಜೇಡ. ಗ್ಯಾಸಿಗೆ ಬೆರೆಸಿರುವ ಆ ಕೊಳೆತ ನಾತ ಮನುಷ್ಯರಿಗೆ ಆಗದಿದ್ದರೂ ಜೇಡಕ್ಕೆ ಅದೇನು ಪ್ರೀತಿಯೋ, ಕೊಳವೆಯೊಳಗೆ ನುಗ್ಗಿ ಬಲೆ ಕಟ್ಟುತ್ತದೆ. ಗಾಳಿ ಸರಿಯಾಗಿ ಸೇರದೆ ನೀಲಿಯಾಗಿ ಉರಿಯಬೇಕಾದ ಉರಿ ಹಳದಿಗೆ ತಿರುಗುತ್ತದೆ. ಹಳದಿ ಉರಿ ಕಂಡರೆ ಮೂಗಕ್ಕ ಆ ಹೀಟರನ್ನು ಅಲ್ಲೇ ಪಕ್ಕಕ್ಕಿಡುತ್ತಾರೆ. ಈಗಂತೂ ಮಾರುಕಟ್ಟೆಯಲ್ಲಿ ತನಗಿಂತ ಜೇಡದ ಮೂಗೇ ಚುರುಕು ಎಂದು ತಮ್ಮನ್ನೇ ಛೇಡಿಸಿಕೊಳ್ಳುತ್ತಾರೆ.

ಆರು ಗಂಟೆಗೆ ಗಂಡ ಮೂರು ಗಾಲಿಯ ಗಾಡಿ ತರುತ್ತಾರೆ. ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಗಾಡಿಯನ್ನೂ ಬಸ್ಸಿನಷ್ಟೇ ಗಂಭೀರವಾಗಿ ತಿರುಗಿಸುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ, ತಣ್ಣಗಿದ್ದರೆ ಸಿಲಿಂಡರು ಗ್ಯಾಸ್ ಸರಿಯಾಗಿ ಬಿಡುವುದಿಲ್ಲ ಎಂದು ಯಾರಿಂದಲೋ ಕೇಳಿ, ಒಂದು ಸಿಲಿಂಡರಿಗೆ ಕಂಬಳಿ ಹೊದಿಸಿ ಮನೆಯೊಳಗೆ ತಂದಿಟ್ಟಿದ್ದರು. ಮೂಗಕ್ಕ ಸಿಲಿಂಡರನ್ನೂ ಗಂಡನನ್ನೂ ಒಟ್ಟಿಗೆ ಹೊರಗೆ ಕಳಿಸಿದರು. ಕಂಬಳಿಯನ್ನು ಮಾತ್ರ ಒಳಗಿಟ್ಟುಕೊಂಡರಂತೆ.

ಬಾಡಿಗೆಗೆ ಬಂದವರಿಗೆ ಹೀಟರು ಸುಮ್ಮನೆ ಸಿಗುವುದಿಲ್ಲ. ಜೋಡಿಸುವುದು, ನೊರೆ ಬಳಿಯುವುದು, ಹತ್ತಿಸುವುದು, ಆರಿಸುವುದು ಎಲ್ಲವನ್ನೂ ಅವರೇ ಮಾಡಿ ತೋರಿಸಬೇಕು. ಇಪ್ಪತ್ತು ವರ್ಷದಿಂದ ಒಯ್ಯುತ್ತಿರುವವರಿಗೂ ವಿನಾಯಿತಿ ಇಲ್ಲ. ಹೀಟರಿನ ಸುತ್ತ ಎರಡು ಮೊಳ ಜಾಗ ಖಾಲಿ. ಕಿಟಕಿ ಒಂದು ಗೇಣಾದರೂ ತೆರೆದಿರಬೇಕು. ಆರಿಸುವಾಗ ಮೊದಲು ಸಿಲಿಂಡರಿನ ತಿರುಗಣೆ ಮುಚ್ಚಿ, ಕೊಳವೆಯಲ್ಲಿ ಉಳಿದ ಗ್ಯಾಸ್ ಉರಿದು ಉರಿ ತಾನಾಗಿ ಆರಲು ಬಿಟ್ಟು, ಆಮೇಲೆ ಹೀಟರಿನ ಗುಂಡಿ. ಹೀಟರನ್ನು ಹತ್ತಿಸಿಟ್ಟು ಯಾರೂ ನಿದ್ದೆ ಮಾಡುವಂತಿಲ್ಲ.

ಎಲ್ಲರೂ ಎಡವುವುದು ಒಂದೇ ಕಡೆ. ಲೋಕದ ತಿರುಪುಗಳೆಲ್ಲ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ. ಇಲ್ಲಿ ಸಿಲಿಂಡರಿಗೆ ಕೂಡುವ ತಿರುಪು ಮಾತ್ರ ಎಡಮುರಿ. ಅದನ್ನು ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಬುದ್ಧಿಗೆ ಎಷ್ಟು ಗೊತ್ತಿದ್ದರೂ ಕೈ ಕೇಳುವುದಿಲ್ಲ. ‘ಇನ್ನೊಂಚೂರು ಬಿಗಿ ಮಾಡೋಣ’ ಎಂದು ಒಳ್ಳೆಯ ಮನಸ್ಸಿನಿಂದ ಒಂದು ಸುತ್ತು ತಿರುಗಿಸಿ ಸಡಿಲ ಮಾಡಿಬಿಡುವವರೇ ಹೆಚ್ಚು. ಹೀಗಾಗಿ ಮೂಗಕ್ಕನ ಅಂಗಡಿಯಲ್ಲಿ ಒಂದೇ ಕಾನೂನು: ಜಾಯಿಂಟನ್ನು ಯಾರ ಕೈ ಮುಟ್ಟಿದರೂ ಮತ್ತೆ ನೊರೆ.

ಕ್ಷೌರದಂಗಡಿಯವನು ಕಿಟಕಿಯ ವಿಷಯದಲ್ಲಿ ಪ್ರತಿ ವರ್ಷ ಜಗಳಕ್ಕೆ ಬರುತ್ತಾನೆ. ಶಾಖವೆಲ್ಲ ಬೀದಿಗೆ ಹೋದರೆ ಹೀಟರು ಒಯ್ದು ಏನು ಬಂತು ಎಂಬುದು ಅವನ ವಾದ. ಉರಿ ಗಾಳಿಯನ್ನು ತಿನ್ನುತ್ತದೆ, ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಹೋದಾಗ ಹುಟ್ಟುವ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂದು ಮೂಗಕ್ಕ ಪ್ರತಿ ವರ್ಷ ವಿವರಿಸುತ್ತಾರೆ. “ತಲೆನೋವು ಬಂತು ಅಂತ ಒರಗಿಕೊಂಡವರು ಏಳೋದೇ ಇಲ್ಲ ಕಣಪ್ಪ. ಕೂದಲು ಕತ್ತರಿಸೋಕೆ ಬಂದವರ ಕತ್ತು ತೆಗೀಬೇಡ,” ಎನ್ನುತ್ತಾರೆ. ಕ್ಷೌರಿಕ ಗೊಣಗುತ್ತಲೇ ಒಂದು ಗೇಣು ಅಳೆದು ತೋರಿಸಿ ಹೀಟರು ಒಯ್ಯುತ್ತಾನೆ.

ಮಾರುಕಟ್ಟೆಯನ್ನೆಲ್ಲ ಬೆಚ್ಚಗಿಡುವ ಹೆಂಗಸು ಕೂರುವುದು ಮಾತ್ರ ಚಳಿಯಲ್ಲೇ. ಸಿಲಿಂಡರುಗಳಿರುವ ಕಡೆ ಉರಿ ಹೊತ್ತಿಸುವಂತಿಲ್ಲ, ಹೀಗಾಗಿ ತಂತಿಬಲೆಯ ಹತ್ತಿರ ಒಂದು ಹೀಟರೂ ಉರಿಯುವುದಿಲ್ಲ. ಸೋಪಿನ ತಣ್ಣೀರಿನಲ್ಲಿ ನೆನೆದು ಬೆರಳ ಗಿಣ್ಣುಗಳು ಒಡೆದಿವೆ. ಕೈ ಹೇಗಿದೆ ಎಂದು ಯಾರಾದರೂ ಕನಿಕರಿಸಿದರೆ, ನೊರೆ ಹಚ್ಚಿ ಹಚ್ಚಿ ಈ ಊರಿನಲ್ಲಿ ತನ್ನಷ್ಟು ಶುಚಿಯಾದ ಕೈ ಯಾರದೂ ಇಲ್ಲ ಎಂದು ಮಾತು ಹಾರಿಸಿಬಿಡುತ್ತಾರೆ.

ಇನ್ನು ಮೊಟ್ಟೆಯ ಕಥೆ. ಇದನ್ನು ಮೂಗಕ್ಕ ತಾವಾಗಿ ಹೇಳುತ್ತಾರೆ, ಯಾರೂ ಕೇಳಬೇಕಾಗಿಲ್ಲ.

ಮೂರು ಚಳಿಗಾಲದ ಹಿಂದೆ ಹತ್ತು ದಿನ ಜ್ವರದಲ್ಲಿ ಮಲಗಿ ಎದ್ದಾಗ ಮುಖ ತೊಳೆಯುವ ಸೋಪಿನ ಪರಿಮಳ ಬರಲಿಲ್ಲ. ನೆಗಡಿ ಎಂದುಕೊಂಡರು. ಒಲೆಯ ಮೇಲಿನ ಹಾಲು ಸೀದು ಕರಕಲಾಗುವವರೆಗೆ ಅದರ ಪಕ್ಕದಲ್ಲೇ ಕೂತು ಬಟ್ಟೆ ಹೊಲಿಯುತ್ತಿದ್ದರು. ಓಡಿಬಂದ ಗಂಡನಿಗೆ, ಏನೋ ಯೋಚನೆಯಲ್ಲಿದ್ದೆ ಎಂದರು. ವೈದ್ಯರು ಮಾತ್ರೆ ಕೊಟ್ಟು, ವಾಸನೆ ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಆ ಮಾತನ್ನು ಮೂಗಕ್ಕ ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಮೂಗಕ್ಕನ ಹತ್ತಿರ ಯಾರು ಬರುತ್ತಾರೆ ಎಂಬ ಭಯ.

ಮಾರುಕಟ್ಟೆಯ ಮೂಲೆಯಲ್ಲಿ ಮೊಟ್ಟೆ ಮಾರುವ ಅಜ್ಜಿಯೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ, ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗಿನ ಗುಟ್ಟು ಹೇಳುವವರು. ಅಜ್ಜಿಯ ಕಾಲಬುಡದಲ್ಲಿ ಮೂಗಕ್ಕನ ಹೀಟರೊಂದು ಯಾವಾಗಲೂ ಉರಿಯುತ್ತದೆ. ಜ್ವರ ಬಿಟ್ಟ ಮೂರನೆಯ ವಾರ, ಬೆಳಗಿನ ವ್ಯಾಪಾರದ ಹೊತ್ತಿಗೆ ಆ ಮೂಲೆಯಲ್ಲಿ ಕೆಟ್ಟ ನಾತ ಎದ್ದಿತು. ಗ್ಯಾಸಿಗೆ ಬೆರೆಸುವ ವಾಸನೆಗೂ ಕೊಳೆತ ಮೊಟ್ಟೆಯ ವಾಸನೆಗೂ ಹೆಚ್ಚು ವ್ಯತ್ಯಾಸವಿಲ್ಲ. ಜನ ಅಜ್ಜಿಯನ್ನೂ ನೋಡಿದರು, ಹೀಟರನ್ನೂ ನೋಡಿದರು. ಯಾರೋ ಓಡಿಹೋಗಿ ಮೂಗಕ್ಕನನ್ನು ಕರೆತಂದರು. ಅವರ ಮಾತೇ ಅಲ್ಲಿ ತೀರ್ಪು.

ಮೂಗಕ್ಕ ಬಗ್ಗಿ ಮೂಸಿದರು. ಏನೂ ಬರಲಿಲ್ಲ. ಸುತ್ತ ಹದಿನೈದು ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾರೆ. ನೊರೆಯ ಮಗ್ಗು ತಂತಿಬಲೆಯಲ್ಲಿದೆ. ಹೋಗಿ ತಂದರೆ, ಮೂಗಕ್ಕನಿಗೇ ನೊರೆ ಬೇಕಾಯಿತೇ ಎಂದು ಜನ ಕೇಳುತ್ತಾರೆ. ಅವರು ನೆಟ್ಟಗೆ ನಿಂತು, ಗ್ಯಾಸ್ ಅಲ್ಲ ಎಂದುಬಿಟ್ಟರು. ಆ ಒಂದು ಮಾತಿಗೆ ಅಜ್ಜಿಯ ಮೂರು ಟ್ರೇ ಮೊಟ್ಟೆ, ತೊಂಬತ್ತಕ್ಕೆ ತೊಂಬತ್ತೂ, ತಿಪ್ಪೆಗೆ ಹೋದವು. ಅಜ್ಜಿ ಹೀಟರು ಆರಿಸಿ, ತಾವೇ ಟ್ರೇಗಳನ್ನು ಹೊತ್ತುಕೊಂಡು ಹೋಗಿ ಸುರಿದು ಬಂದರು.

ಮರುದಿನ ಬೆಳಗ್ಗೆ ಅಜ್ಜಿ, ಹಿಂದಿನ ದಿನದ ಗಡಿಬಿಡಿಯಲ್ಲಿ ಮರಳಿಸದೆ ಅಂಗಡಿಯಲ್ಲೇ ಉಳಿದಿದ್ದ ಹೀಟರು ಹತ್ತಿಸಲು ಸಿಲಿಂಡರು ತೆರೆದರೆ ಮತ್ತೆ ಅದೇ ನಾತ. ಅಂಗಡಿಯಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಅಜ್ಜಿ ತಮ್ಮ ಚಹಾದ ಲೋಟದಲ್ಲಿ ಸೋಪು ಕದಡಿದರು. ಹದಿನೆಂಟು ಚಳಿಗಾಲ ಮೂಗಕ್ಕನೇ ಹಟ ಹಿಡಿದು ಕಲಿಸಿದ ಪಾಠ ಅದು. ಮೂರು ಬೆರಳಲ್ಲಿ ನೊರೆ ತೆಗೆದು ಜಾಯಿಂಟಿಗೆ ಬಳಿದರು. ಗೋಲಿಯಷ್ಟು ದೊಡ್ಡ ಗುಳ್ಳೆ ಎದ್ದಿತು. ಸಿಲಿಂಡರನ್ನು ಮುಚ್ಚಿ, ನಿಧಾನಕ್ಕೆ ನಡೆದು ತಂತಿಬಲೆಗೆ ಬಂದ ಅಜ್ಜಿ ಬೈಯಲಿಲ್ಲ, ಕೂಗಾಡಲಿಲ್ಲ.

“ನನ್ನ ಮೊಟ್ಟೆ ಚೆನ್ನಾಗಿತ್ತು ಕಣೇ,” ಎಂದರು. “ನಿನಗೆ ಏನಾಗಿದೆ, ಅದನ್ನ ಹೇಳು.”

ಮೂಗಕ್ಕ ಅಂದು ಅತ್ತ ಹಾಗೆ ಅತ್ತದ್ದನ್ನು ಗಂಡನೂ ಹಿಂದೆಂದೂ ಕಂಡಿರಲಿಲ್ಲ. ಮೊಟ್ಟೆ ಹೋದದ್ದಕ್ಕಲ್ಲ. ಸೋರಿದ ಗ್ಯಾಸಿಗೆ ಹೀಟರಿನ ಉರಿ ತಗುಲಿದ್ದರೆ ಅಜ್ಜಿಯೂ ಇರುತ್ತಿರಲಿಲ್ಲ, ಆ ಹದಿನೈದು ಜನರೂ ಇರುತ್ತಿರಲಿಲ್ಲ. ಗಂಟೆಯೊಳಗೆ ಮೂಗಕ್ಕ ತರಕಾರಿಯ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಹತ್ತಿ ನಿಂತು, ತನಗೆ ವಾಸನೆ ಬರುವುದಿಲ್ಲವೆಂದೂ ಅಜ್ಜಿಯ ಮೊಟ್ಟೆಯಲ್ಲಿ ದೋಷವಿರಲಿಲ್ಲವೆಂದೂ ಮಾರುಕಟ್ಟೆಗೆಲ್ಲ ಕೇಳುವಂತೆ ಹೇಳಿದರು. ಕೆಲವರು ಹೀಟರು ಹಿಂದಿರುಗಿಸಿದರು. ಹದಿನೈದು ದಿನ ಕಳೆದು, ಬೇರೆ ಕಡೆ ನೊರೆ ಬಳಿಯುವವರೇ ಇಲ್ಲವೆಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಮರಳಿ ಬಂದರು. ಅಂದಿನಿಂದ ನೊರೆಯ ಮಗ್ಗು ಮೂಗಕ್ಕನ ಕೈ ಬಿಟ್ಟಿಲ್ಲ.

ಆ ಮಾರುಕಟ್ಟೆ ಇವತ್ತು ಒಕ್ಕೊರಲಿನಿಂದ ಸುಳ್ಳು ಹೇಳಲು ಸಿದ್ಧವಾಗಿದೆ. ಏಳನೆಯ ಪ್ರಶ್ನೆಗೆ ‘ಹೌದು’ ಎಂದು ಗೀಚಿಬಿಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದು ಆರು ಗಂಟೆಗೇ ಹೂವಿನವಳು ಹೇಳಿ ಹೋಗಿದ್ದಾಳೆ. ಅಧಿಕಾರಿ ಪರೀಕ್ಷೆಗೆ ಇಳಿದರೆ ತಾನು ಹಿಂದೆ ನಿಂತು ಕೆಮ್ಮುತ್ತೇನೆ, ಒಂದು ಕೆಮ್ಮಿಗೆ ಗ್ಯಾಸ್ ಇದೆ, ಎರಡಕ್ಕೆ ಇಲ್ಲ ಎಂದು ಕ್ಷೌರಿಕ ಸಂಕೇತವನ್ನೂ ಗೊತ್ತುಮಾಡಿದ್ದಾನೆ. ಈ ಚಳಿಯಲ್ಲಿ ಯಾರ ಕೆಮ್ಮು ಯಾವುದೆಂದು ಹೇಗೆ ತಿಳಿಯುವುದು ಎಂದು ಮೂಗಕ್ಕ ಕೇಳಿದ್ದಕ್ಕೆ, ತನ್ನದು ಎಲ್ಲರಿಗಿಂತ ಜೋರು ಎಂದಿದ್ದಾನೆ. ಗಂಡನದೂ ಅದೇ ಸಲಹೆ. ಬರೆದುಬಿಡು, ಮೂಗಿನೊಳಗೆ ಯಾರು ಇಣುಕಿ ನೋಡುತ್ತಾರೆ ಎಂಬುದು ಅವರ ಮಾತು.

ಮೂಗಕ್ಕ ನೂರ ಹದಿನಾಲ್ಕನೆಯ ಜಾಯಿಂಟು ಮುಗಿಸಿ, ಕೈ ಒರೆಸಿಕೊಂಡು ಅರ್ಜಿ ಎತ್ತಿಕೊಳ್ಳುತ್ತಾರೆ. ಕೆಲಸ ಹೋದರೆ ಮುಂದೇನು? ಐವತ್ತಾರನೆಯ ವಯಸ್ಸಿನಲ್ಲಿ ಬೇರೆ ಯಾವ ಕೆಲಸವೂ ಗೊತ್ತಿಲ್ಲ. ಒಂದು ಸಲ ಹೇಳಿದ ಸುಳ್ಳು ಎಲ್ಲಿಗೆ ತಂದಿತ್ತು ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ. ‘ಹೌದು’ ಎಂಬುದನ್ನು ಹೊಡೆದುಹಾಕಿ ‘ಇಲ್ಲ’ವನ್ನು ಉಳಿಸುತ್ತಾರೆ. ಗಂಡ ಅದನ್ನು ನೋಡಿ ಗಾಡಿಯ ಗಾಲಿಗೆ ಎಣ್ಣೆ ಬಿಡಲು ಕೂರುತ್ತಾರೆ. ಗಾಲಿಗೆ ನಿನ್ನೆಯಷ್ಟೇ ಎಣ್ಣೆ ಬಿಟ್ಟಾಗಿತ್ತು.

ಹತ್ತಕ್ಕೆ ಸರಿಯಾಗಿ ಅಧಿಕಾರಿ ಬರುತ್ತಾರೆ. ಮೂವತ್ತರ ಆಸುಪಾಸಿನ, ಮುಖದಲ್ಲಿ ಸೌಜನ್ಯವಿರುವ ಮನುಷ್ಯ. ಕೈಯಲ್ಲಿ ಕರವಸ್ತ್ರ, ಮೂಗು ಕೆಂಪು, ಎರಡು ಮಾತಿಗೊಂದು ಸೀನು. ಸರಪಳಿ ಎಳೆದು ನೋಡುತ್ತಾರೆ, ಹಲಗೆ ನೋಡುತ್ತಾರೆ, ಕೊಳವೆಗಳನ್ನು ಬಗ್ಗಿಸಿ ಬಿರುಕು ಹುಡುಕುತ್ತಾರೆ. ಎಲ್ಲಕ್ಕೂ ತಲೆದೂಗಿ ಅರ್ಜಿಯ ಏಳನೆಯ ಪ್ರಶ್ನೆಗೆ ಬಂದಾಗ ನಿಲ್ಲುತ್ತಾರೆ. ಕೆಲಸವಿದ್ದವರೂ ಇಲ್ಲದವರೂ ತಂತಿಬಲೆಯ ಸುತ್ತ ಸೇರಿದ್ದಾರೆ. ಕ್ಷೌರಿಕ ಅಭ್ಯಾಸಕ್ಕೆಂದು ಒಮ್ಮೆ ಕೆಮ್ಮುತ್ತಾನೆ.

“ಇಲ್ಲ ಅಂತ ಇದ್ರೆ ನಾನು ಸಹಿ ಹಾಕೋ ಹಾಗಿಲ್ಲಮ್ಮ,” ಎನ್ನುತ್ತಾರೆ ಅಧಿಕಾರಿ. ಅವರ ದನಿಯಲ್ಲಿ ಬೇಸರವಿದೆ.

ಮೂಗಕ್ಕ ವಾದಕ್ಕಿಳಿಯುವುದಿಲ್ಲ. ಮೊಟ್ಟೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ತನ್ನ ತಪ್ಪನ್ನು ಒಂದಿಷ್ಟೂ ಕಡಿಮೆ ಮಾಡದೆ ಹೇಳುತ್ತಾರೆ. ಆಮೇಲೆ ಒಂದೇ ಮಾತು ಕೇಳುತ್ತಾರೆ. “ಹೀಟರು ಬೇಕಾಗೋದು ಚಳಿಗಾಲದಲ್ಲಿ. ಚಳಿಗಾಲದಲ್ಲಿ ಮೂಗು ನೆಟ್ಟಗಿರೋರು ಯಾರಿದ್ದಾರೆ ಸಾರ್? ಇರೋರಿಗೂ ಒಂದೇ ಕಡೆ ಹತ್ತು ನಿಮಿಷ ಕೂತ್ರೆ ವಾಸನೆ ಅಭ್ಯಾಸ ಆಗಿಹೋಗುತ್ತೆ. ಕಿಟಕಿ ಮುಚ್ಚಿದ್ರೆ ಬರೋ ವಿಷಕ್ಕಂತೂ ನಿಮ್ಮ ಮೂಗೂ ಒಂದೇ, ನನ್ನ ಮೂಗೂ ಒಂದೇ.”

ಅಧಿಕಾರಿ ಉತ್ತರ ಕೊಡಬೇಕೆಂದು ಬಾಯಿ ತೆರೆಯುತ್ತಾರೆ, ಸೀನುತ್ತಾರೆ. ಗುಂಪಿನಲ್ಲಿ ನಗು. ಅವರೂ ನಕ್ಕು, ನಾಲ್ಕು ದಿನದಿಂದ ತನಗೂ ಏನೂ ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಪರೀಕ್ಷೆ ಮಾಡುವ ಕ್ರಮವನ್ನೇ ತೋರಿಸಿ ಎನ್ನುತ್ತಾರೆ. ಮೂಗಕ್ಕ ಒಂದು ಹೀಟರು ಜೋಡಿಸಿ, ನೊರೆ ಬಳಿದು, ಹತ್ತು ಎಣಿಸಿ ತೋರಿಸುತ್ತಾರೆ. ಗುಳ್ಳೆ ಇಲ್ಲ. ಸಿಲಿಂಡರು ಮುಚ್ಚುತ್ತಾರೆ. ಅಧಿಕಾರಿ ತಾವೂ ಒಮ್ಮೆ ಜಾಯಿಂಟನ್ನು ಮುಟ್ಟಿ ನೋಡಿ, ಇನ್ನೊಂದಿಷ್ಟು ಬಿಗಿಯಿದ್ದರೆ ಒಳ್ಳೆಯದು ಎಂದು ಕೈಯಾರೆ ಅರ್ಧ ಸುತ್ತು ಬಲಕ್ಕೆ ತಿರುಗಿಸಿ, “ಈಗ ಸರಿ,” ಎನ್ನುತ್ತಾರೆ.

ಮೂಗಕ್ಕ ಅಧಿಕಾರಿಯ ಮುಖವನ್ನೂ ನೋಡದೆ ಬ್ರಷ್ಷನ್ನು ಮಗ್ಗಿಗೆ ಅದ್ದುತ್ತಾರೆ. ಯಾರ ಕೈ ಮುಟ್ಟಿದರೂ ಮತ್ತೆ ನೊರೆ. ಕಾನೂನು ಅಧಿಕಾರಿಗೂ ಒಂದೇ. ತಿರುಗಣೆಯನ್ನು ತುಸು ತೆರೆಯುತ್ತಾರೆ. ಒಂದು, ಎರಡು, ಮೂರು. ನಾಲ್ಕಕ್ಕೆ ಜಾಯಿಂಟಿನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದು, ಬೆಳೆದು, ಬಟಾಣಿಯಷ್ಟಾಗುತ್ತದೆ. ಮೂಗಕ್ಕ ತಟ್ಟನೆ ಸಿಲಿಂಡರು ಮುಚ್ಚುತ್ತಾರೆ. ಮಾರುಕಟ್ಟೆಯ ಅಷ್ಟೂ ಮೂಗುಗಳಲ್ಲಿ ಒಂದಕ್ಕೂ ಏನೂ ತಿಳಿದಿರಲಿಲ್ಲ.

“ಎಡಮುರಿ, ಸಾರ್,” ಎನ್ನುತ್ತಾರೆ ಮೆಲ್ಲಗೆ. “ಎಲ್ಲರಿಗೂ ಹಾಗೇ ಆಗುತ್ತೆ.”

ಅಧಿಕಾರಿಯ ಮುಖ ಮೂಗಿನಷ್ಟೇ ಕೆಂಪಾಗುತ್ತದೆ. ಎಡಕ್ಕೆ ತಿರುಗಿಸಿ ಬಿಗಿ ಮಾಡಿ, ಈ ಸಲ ತಾವೇ ಬ್ರಷ್ಷು ಕೇಳಿ ಪಡೆದು ನೊರೆ ಬಳಿದು, ಹತ್ತರ ಬದಲು ಇಪ್ಪತ್ತು ಎಣಿಸುತ್ತಾರೆ. ಬಹಳ ಹೊತ್ತು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸುತ್ತಾರೆ. ‘ಇಲ್ಲ’ ಎಂಬುದನ್ನು ತಿದ್ದಲು ಹೇಳುವುದಿಲ್ಲ. ಅದರ ಕೆಳಗೆ, ಪ್ರತಿ ಬಾರಿಯೂ ನೊರೆ ಪರೀಕ್ಷೆ ಕಡ್ಡಾಯವಾಗಿ ನಡೆಯುತ್ತಿದೆ, ಖುದ್ದಾಗಿ ನೋಡಿದ್ದೇನೆ ಎಂದು ಬರೆಯುತ್ತಾರೆ. ಆದರೂ ನಿಯಮ ನಿಯಮವೇ. ವಾಸನೆ ಗುರುತಿಸಬಲ್ಲ ಇನ್ನೊಬ್ಬರು ಹತ್ತಿರದಲ್ಲಿರಬೇಕು, ಅವರ ಸಹಿ ಬೇಕು, ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನೂ ತಿಂಗಳೊಳಗೆ ಹಾಕಿಸಬೇಕು ಎನ್ನುತ್ತಾರೆ.

ಹೂವಿನವಳು ಮುಂದೆ ಬರುತ್ತಾಳೆ, ಕ್ಷೌರಿಕ ಮುಂದೆ ಬರುತ್ತಾನೆ. ಇಬ್ಬರನ್ನೂ ಮೊಣಕೈಯಿಂದ ಪಕ್ಕಕ್ಕೆ ಸರಿಸಿಕೊಂಡು ಮೊಟ್ಟೆ ಅಜ್ಜಿ ಬರುತ್ತಾರೆ. ಪೆನ್ನು ತೆಗೆದುಕೊಂಡು, ಎಲ್ಲಿ ಎಂದು ಬೆರಳಿಟ್ಟು ಕೇಳಿ, ದೊಡ್ಡ ಅಕ್ಷರದಲ್ಲಿ ಸಹಿ ಹಾಕುತ್ತಾರೆ.

“ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ ಸ್ವಾಮಿ?” ಎನ್ನುತ್ತಾರೆ ಅಧಿಕಾರಿಗೆ. “ಇವಳಿಗೆ ಮೂಗು ಬೇಕಾದಾಗ ನಂದು ಇದೆ. ಮೊಟ್ಟೆ ಮೂಸಿ ಮೂಸಿ ಪಳಗಿದ್ದು.”

ಅಧಿಕಾರಿ ಈ ಚಳಿಗಾಲಕ್ಕೆ ಪರವಾನಗಿ ಕೊಟ್ಟು ಹೋಗುತ್ತಾರೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಏಳನೆಯ ಪ್ರಶ್ನೆ. ಜನ ಚದುರುತ್ತಾರೆ, ಗಂಡ ಎಣ್ಣೆಯ ಡಬ್ಬಿಯನ್ನು ಒಳಗಿಡುತ್ತಾರೆ. ಮೂಗಕ್ಕ ಮಣೆಯ ಮೇಲೆ ಕೂತು ಮೊದಲ ಸಲ ಕೈ ಉಜ್ಜಿಕೊಳ್ಳುತ್ತಾರೆ. ಬಿಸಿಲು ಏರಿದೆ. ಹೀಟರುಗಳು ಒಂದೊಂದಾಗಿ ಮರಳಿ ಬರುತ್ತಿವೆ. ಬಂದವುಗಳ ಮೈ ಪೂರ್ತಿ ತಣ್ಣಗಾಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿ, ಸಿಲಿಂಡರನ್ನು ಬೇರ್ಪಡಿಸಿ, ಮುಚ್ಚಳ ಹಾಕಿ, ಸರಪಳಿಯ ಒಳಗೆ ನಿಲ್ಲಿಸುತ್ತಾರೆ. ಅತ್ತರಿನ ಕಂಪಿಲ್ಲದೆ, ಹೂವಿನ ಪರಿಮಳವಿಲ್ಲದೆ, ಒಗ್ಗರಣೆಯ ಘಮವಿಲ್ಲದೆ ಮೂರು ವರ್ಷ ಕಳೆದಿದ್ದಾರೆ. ಅದರಲ್ಲಿ ಯಾವುದು ಮರಳಿ ಬರಲಿ ಎಂದು ಆಸೆ ಎಂದು ಕೇಳಿದರೆ ಬ್ರಷ್ಷನ್ನು ನೊರೆಯಲ್ಲಿ ಒಮ್ಮೆ ಆಡಿಸುತ್ತಾರೆ.

“ಅದ್ಯಾವುದೂ ಬೇಡ,” ಎನ್ನುತ್ತಾರೆ. “ಆ ದರಿದ್ರ ಗ್ಯಾಸಿನ ನಾತ ಒಂದೇ ಒಂದ್ಸಲ ನನ್ನ ಮೂಗಿಗೆ ಬರಲಿ. ಬಂದ್ರೆ ಸಿಲಿಂಡರು ಮುಚ್ಚಿ, ಸೀದಾ ಆ ಮೂಲೆಗೆ ಓಡಿಹೋಗಿ ಹೇಳ್ತೀನಿ: ನಿನ್ನ ಮೊಟ್ಟೆದಲ್ಲ ಕಣಜ್ಜೀ, ನಂದು.”